ಹಳೆ ಮುಳ್ಳುತಂತಿ ಗುಜರಿಗೆ ಹಾಕೋ ಮುಂಚೆ ಒಮ್ಮೆ ನೋಡಿ: ಬೇಲಿಯ ವಯಸ್ಸು ತಿಳಿಯೋದು ಹೇಗೆ?

ಕೂಡ್ಲಿಗಿ: ಹೊಲದ ಬದುವಿನ ತಕರಾರು ಬಂದಾಗ ಒಬ್ಬರು "ಈ ಬೇಲಿ ನಮ್ಮಪ್ಪನ ಕಾಲದ್ದು" ಅಂತಾರೆ. ಇನ್ನೊಬ್ಬರು "ಇಲ್ಲ, ಮೊನ್ನೆ ಮೊನ್ನೆ ಹಾಕಿದ್ದು" ಅಂತಾರೆ. ಅಷ್ಟರಲ್ಲಿ ಹಳೆ ತಂತಿ ಕಿತ್ತು ಗುಜರಿಗೆ ಹೋಗಿರುತ್ತೆ. ಕೆಜಿ ಲೆಕ್ಕದಲ್ಲಿ ಮಾರಿದ ಆ ತಂತಿಯೇ ನಿಮ್ಮ ಸಾಕ್ಷಿ ಆಗಿರಬಹುದಿತ್ತು.

ವಯಸ್ಸು ಯಾಕೆ ಮುಖ್ಯ?

ಖಾಸಗಿ ಜಮೀನಿನಲ್ಲಿ ಬೇರೊಬ್ಬರು ಮಾಲೀಕನ ಹಕ್ಕಿಗೆ ವಿರುದ್ಧವಾಗಿ, ಎಲ್ಲರಿಗೂ ಕಾಣುವಂತೆ, ಬಿಡದೆ 12 ವರ್ಷ ಅನುಭವದಲ್ಲಿದ್ದರೆ, ಜಮೀನು ವಾಪಸ್ ಕೇಳುವ ಮಾಲೀಕನ ದಾವೆಗೆ 1963ರ ಲಿಮಿಟೇಶನ್ ಕಾಯ್ದೆ ಅಡ್ಡ ಬರುತ್ತೆ. ಸರ್ಕಾರಿ ಜಮೀನಾದರೆ 30 ವರ್ಷ. ಬರೀ ಬೇಲಿ ಇದೆ ಅನ್ನೋದು ಸಾಲದು. ಆದರೆ ಬೇಲಿ ಯಾವಾಗಿನದು ಅನ್ನೋ ಪ್ರಶ್ನೆ ಬಂದೇ ಬರುತ್ತೆ.

ತುಕ್ಕು ನಂಬಬೇಡಿ

ತುಕ್ಕು ಹಿಡಿದಿದೆ ಅಂದರೆ ಹಳೆಯದು, ಬೆಳ್ಳಗಿದೆ ಅಂದರೆ ಹೊಸದು ಅನ್ನೋದು ತಪ್ಪು ಲೆಕ್ಕ. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಪದ್ಧತಿ 19ನೇ ಶತಮಾನದಲ್ಲೇ ಇತ್ತು. ಲೇಪ ದಪ್ಪ ಇದ್ದರೆ ತಂತಿ ಬಹಳ ವರ್ಷ ತಡೆಯುತ್ತೆ. ಲೇಪ ತೆಳ್ಳಗಿದ್ದು, ತಂತಿ ತಿಪ್ಪೆ ಪಕ್ಕ ಅಥವಾ ದನದ ಕೊಟ್ಟಿಗೆ ಹತ್ತಿರ ಇದ್ದರೆ ಬೇಗ ಕೆಂಪಾಗುತ್ತೆ.

ತಂತಿಯಲ್ಲಿ ಏನು ನೋಡಬೇಕು?

ಅಮೆರಿಕದ ಇಲಿನಾಯ್ ರಾಜ್ಯದ ರೈತ ಜೋಸೆಫ್ ಗ್ಲಿಡನ್‌ಗೆ 1874ರ ನವೆಂಬರ್ 24ರಂದು ಮುಳ್ಳುತಂತಿಯ ಪೇಟೆಂಟ್ ಸಿಕ್ಕಿತು. ಎರಡು ಎಳೆ ಹೊಸೆದು, ಮುಳ್ಳು ಜಾರದಂತೆ ಹಿಡಿಯೋದು ಅದರ ಉಪಾಯ. ಆಮೇಲೆ ಅಲ್ಲಿ ನೂರಾರು ಮಾದರಿ ಬಂದವು. ಅಲ್ಲಿನ ಸಂಗ್ರಹಕಾರರು 18 ಇಂಚಿನ ತುಂಡುಗಳನ್ನು ಜೋಡಿಸಿಟ್ಟು, ಪೇಟೆಂಟ್ ಚಿತ್ರದ ಜೊತೆ ಹೋಲಿಸಿ ಕಾಲ ಗುರುತಿಸ್ತಾರೆ.

ನೀವೂ ಇವನ್ನೇ ನೋಡಿ: ಎಳೆ ಒಂದಾ ಎರಡಾ? ಮುಳ್ಳಿಗೆ ಎರಡು ಮೊನೆಯಾ ನಾಲ್ಕಾ? ಮುಳ್ಳು ಒಂದೇ ಎಳೆಗೆ ಸುತ್ತಿದೆಯಾ, ಎರಡಕ್ಕೂ ಸೇರಿ ಸುತ್ತಿದೆಯಾ? ಮುಳ್ಳಿನಿಂದ ಮುಳ್ಳಿಗೆ ಎಷ್ಟು ಇಂಚು? ತಂತಿ ಎಷ್ಟು ಗೇಜು? ಒಂದೇ ಬೇಲಿಯಲ್ಲಿ ಎರಡು ತರಹದ ತಂತಿ ಸಿಕ್ಕರೆ, ನಡುವೆ ಒಮ್ಮೆ ರಿಪೇರಿ ಆಗಿರಬಹುದು.

ಒಂದು ಎಚ್ಚರಿಕೆ. ತಂತಿ ತಯಾರಾದ ಕಾಲವೇ ಬೇಲಿ ಹಾಕಿದ ಕಾಲ ಅಲ್ಲ. ಹಳೆ ತಂತಿ ಬಿಚ್ಚಿ ಹೊಸ ಕಡೆ ಕಟ್ಟೋದು ನಮ್ಮಲ್ಲಿ ಮಾಮೂಲು. "ಇದಕ್ಕಿಂತ ಮುಂಚಿನದಲ್ಲ" ಅನ್ನೋದನ್ನಷ್ಟೇ ತಂತಿ ಹೇಳುತ್ತೆ.

ಮರ ಹೇಳುವ ಸಾಕ್ಷಿ

ಬದುವಿನ ಬೇವಿನ ಮರಕ್ಕೆ ಮೊಳೆ ಹೊಡೆದು ತಂತಿ ಕಟ್ಟಿದ್ದರೆ, ಕಾಂಡ ದಪ್ಪ ಆಗ್ತಾ ತಂತಿಯನ್ನು ನುಂಗುತ್ತೆ. ಹಾಗೆ ಒಳಗೆ ಹುದುಗಿದ ತಂತಿ ವರ್ಷಗಟ್ಟಲೆ ಅದೇ ಜಾಗದಲ್ಲಿತ್ತು ಅನ್ನೋದು ಖಚಿತ. ಇಷ್ಟೇ ವರ್ಷ ಅಂತ ಮರ ಹೇಳಲ್ಲ. ಆದರೂ ಆ ಮರ ಕಡಿಯೋ ಮುಂಚೆ ಫೋಟೊ ತೆಗೆಯಿರಿ.

ಅಂಗಡಿಯ ಹಳೆ ಬಿಲ್ಲು

ಹಾರ್ಡ್‌ವೇರ್ ಅಂಗಡಿಯವರೇ, ನಿಮ್ಮ ಅಟ್ಟದ ಮೇಲಿನ ಹಳೆ ಬಿಲ್ ಪುಸ್ತಕಕ್ಕೂ ಬೆಲೆ ಇದೆ. ತಾರೀಖು ಅಳಿಸಿಹೋದರೂ ಬೇರೆ ಗುರುತು ಉಳಿದಿರುತ್ತೆ.

– ಅಣೆ ಲೆಕ್ಕ ಇದ್ದರೆ ಬಹುಪಾಲು 1957ಕ್ಕಿಂತ ಹಿಂದಿನದು. ಆ ವರ್ಷ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು.
– ವಿಳಾಸದಲ್ಲಿ ಆರಂಕಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು.
– ಹರಪನಹಳ್ಳಿ ಮುಂದೆ "ದಾವಣಗೆರೆ ಜಿಲ್ಲೆ" ಅಂತಿದ್ದರೆ 1997 ಅಥವಾ ಆಮೇಲಿನದು.
– ಜಿಎಸ್‌ಟಿ ನಂಬರಿನ ಬಿಲ್ಲು 2017ರ ಜುಲೈ ನಂತರದ್ದು.
– "ವಿಜಯನಗರ ಜಿಲ್ಲೆ" ಅಂತಿದ್ದರೆ ಬೇಲಿ ಸಾಮಾನು ತೀರಾ ಇತ್ತೀಚಿನದು. ನಮ್ಮ ಜಿಲ್ಲೆ ಆಗಿದ್ದೇ 2021ರಲ್ಲಿ.

ಕೀಳೋ ಮುಂಚೆ ಏನು ಮಾಡಬೇಕು?

ತಂತಿ, ಕಲ್ಲುಗಂಬ, ಮರ ಎಲ್ಲವೂ ಕಾಣುವಂತೆ ಫೋಟೊ ತೆಗೆಯಿರಿ. ಕಂಬದಿಂದ ಬದುವಿಗೆ, ಸರ್ವೆ ಕಲ್ಲಿಗೆ ಎಷ್ಟು ದೂರ ಅಂತ ಅಳೆದು ಬರೆದಿಡಿ. ಬೇಲಿ ನಿಮ್ಮದೇ ಆಗಿದ್ದರೆ ಒಂದು ಮೊಳ ತಂತಿ ತುಂಡು ಮಾಡಿ, ಚೀಟಿ ಕಟ್ಟಿ ಇಟ್ಟುಕೊಳ್ಳಿ. ತಕರಾರು ಇದ್ದರೆ ಮಾತ್ರ ತಂತಿ ಮುಟ್ಟಲೇಬೇಡಿ, ಮೊದಲು ವಕೀಲರನ್ನು ಕೇಳಿ. ಗಡಿ ಎಲ್ಲಿದೆ ಅನ್ನೋದನ್ನು ಬೇಲಿ ತೀರ್ಮಾನ ಮಾಡಲ್ಲ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರಿಂದ ಅಳತೆ ಮಾಡಿಸಬೇಕು.

ಇನ್ನೊಂದು ಮಾತು: ಬರಿಗೈಯಲ್ಲಿ ತಂತಿ ಎಳೆಯಬೇಡಿ. ಚುಚ್ಚಿದರೆ ಸೋಪು ನೀರಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳಿ.