ಬೆಳ್ಳಿ ಮೂಡುವ ತನಕ ಒಂದೇ ಪಲ್ಲವಿ

ಅಮಾವಾಸ್ಯೆಯ ರಾತ್ರಿ ಜೇವರ್ಗಿ ಸೀಮೆಯ ಮಠದ ಕಟ್ಟೆಯ ಮೇಲೆ ಭಜನೆಗೆ ಕೂತವರು ಗಡಿಯಾರ ನೋಡುವುದಿಲ್ಲ. ಹಾರ್ಮೋನಿಯಂ ಹಿಡಿದವರು ನುಡಿಯನ್ನು ನಿಧಾನವಾಗಿ, ಒಂದೊಂದು ಮಾತೂ ಕೇಳುವಂತೆ ಹೇಳುತ್ತಾರೆ. ನುಡಿ ಮುಗಿದದ್ದೇ ತಡ, ಹಿಮ್ಮೇಳ ಪಲ್ಲವಿ ಎತ್ತಿಕೊಳ್ಳುತ್ತದೆ. ದಮ್ಮಡಿ, ತಾಳ, ತಬಲಾ ಒಟ್ಟಿಗೇ ಏರಿ, ಲಯ ದುಪ್ಪಟ್ಟಾಗಿ, ತಟ್ಟನೆ ಇಳಿಯುತ್ತದೆ. ಮತ್ತೆ ಮುಂದಿನ ನುಡಿ.

ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆ ನಿಂತ ಮಡಿವಾಳಪ್ಪನವರ ತತ್ವಪದಗಳು, ಅವರ ಶಿಷ್ಯ ಚೆನ್ನೂರು ಜಲಾಲಸಾಹೇಬರ ಪದಗಳು ಈ ಭಾಗದಲ್ಲಿ ಬಾಯಿಂದ ಬಾಯಿಗೆ ಹೀಗೆಯೇ ದಾಟಿ ಬಂದಿವೆ. ಬರೆದರೆ ಒಂದು ಪುಟ ತುಂಬದ ಪದ, ಹಾಡಿದರೆ ಬಹಳ ಹೊತ್ತು ಹಿಡಿಯುತ್ತದೆ.

ಆದರೆ ಹೊರಗಿನ ಜನಪ್ರಿಯ ಹಾಡಿಗೆ ಮೂರು ನಿಮಿಷದ ಅಳತೆ ಬಂದದ್ದು ಗ್ರಾಮಫೋನಿನ ಅರಗಿನ ತಟ್ಟೆಯಿಂದ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಅಷ್ಟೇ. 1902ರಲ್ಲಿ ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ ತಟ್ಟೆಗಳೂ ಈ ಅಳತೆಗೆ ಒಗ್ಗಿಕೊಂಡವು. ತಟ್ಟೆ ಹೋದರೂ ಅಳತೆ ಉಳಿಯಿತು. ಆದರೂ ಎಂಟು ನಿಮಿಷ ದಾಟುವ ‘ಅಮೆರಿಕನ್ ಪೈ’ 1972ರಲ್ಲಿ, ಟೇಲರ್ ಸ್ವಿಫ್ಟ್ ಅವರ ಹತ್ತು ನಿಮಿಷದ ಹಾಡು 2021ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿದವು. ಉದ್ದ ಹಾಡಿನ ಹಸಿವು ಎಲ್ಲ ಕಡೆಯೂ ಇದೆ.

ಈ ಹಸಿವಿನ ಬೇರು ಮಿದುಳಿನಲ್ಲಿದೆ. 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು, ಮೆಚ್ಚಿನ ಸಂಗೀತ ಕೇಳುವವರ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಒಸರುವುದನ್ನು ಗುರುತಿಸಿದರು. ಮೈ ಜುಮ್ಮೆನ್ನುವ ಗಳಿಗೆಯಲ್ಲಿ ಮಿದುಳಿನ ಒಂದು ಭಾಗದಲ್ಲಿ ಅದು ಒಸರಿದರೆ, ಆ ಗಳಿಗೆಗಾಗಿ ಕಾಯುವಾಗ ಇನ್ನೊಂದು ಭಾಗದಲ್ಲಿ ಒಸರುತ್ತಿತ್ತು. ಅಂದರೆ ಕಾಯುವುದರಲ್ಲೂ ಸುಖವಿದೆ. ಭಜನೆಯ ನುಡಿ ಹಿಗ್ಗಿದಷ್ಟೂ ಪಲ್ಲವಿಗಾಗಿ ಕಾಯುವ ಹೊತ್ತು ಹಿಗ್ಗುತ್ತದೆ. ಅದು ಬಂದೇ ಬರುತ್ತದೆಂದು ಕೂತವರಿಗೆಲ್ಲ ಗೊತ್ತು.

ಆಳಂದ, ಅಫಜಲಪುರದ ಕಡೆಯ ಜಾತ್ರೆಗಳ ಹರದೇಶಿ–ನಾಗೇಶಿ ಮೇಳಗಳು ಈ ಕಾಯುವಿಕೆಯನ್ನು ಇನ್ನಷ್ಟು ಎಳೆಯುತ್ತವೆ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು. ಒಬ್ಬರು ಹಾಡಿನಲ್ಲೇ ಸವಾಲು ಎಸೆದರೆ ಎದುರಿನವರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಕೇಳದೆ ಎದ್ದು ಹೋಗಲು ಯಾರಿಗೆ ಮನಸ್ಸು ಬಂದೀತು?

ಆದರೆ ಇರುಳೆಲ್ಲ ಕೂತ ಬೆನ್ನು ನೋಯಬೇಕಲ್ಲ? ಬ್ರಿಟನ್ನಿನ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೆ ಹತ್ತಿರದ್ದೊಂದನ್ನು ಪರೀಕ್ಷಿಸಿದರು. ಹಾಡಿದ, ಕುಣಿದ, ವಾದ್ಯ ಬಾರಿಸಿದ ಜನರ ನೋವು ತಾಳುವ ಶಕ್ತಿ ಏರಿತ್ತು. ಮೈಯೇ ತಯಾರಿಸುವ ನೋವುಶಾಮಕ ಎಂಡಾರ್ಫಿನ್ ಇದಕ್ಕೆ ಕಾರಣವೆಂದು ಅವರು ಅರ್ಥೈಸಿದರು. ಸುಮ್ಮನೆ ಕೂತು ಸಂಗೀತ ಕೇಳಿದವರಲ್ಲಿ ಆ ಏರಿಕೆ ಕಾಣಲಿಲ್ಲ.

ಭಜನೆಯ ಕಟ್ಟೆಯಲ್ಲಿ ಸುಮ್ಮನೆ ಕೇಳುವವರು ಕಡಿಮೆ. ಕಂಬಕ್ಕೆ ಒರಗಿ, ಟವೆಲ್ ಹೊದ್ದು, ಅರೆಗಣ್ಣಾದ ಮುದುಕನ ಅಂಗೈ ಕೂಡ ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತದೆ. ಪಲ್ಲವಿ ಬಂದಾಗ ಎಲ್ಲರಿಗಿಂತ ಮೊದಲು ಎತ್ತುವುದು ಅವನ ದನಿಯೇ.