ಸೀರೆಯ ಮೇಲೊಂದು ಗಂಡಸಿನ ಅಂಗಿ

ಬೇಸಿಗೆಯಲ್ಲಿ ತೆಲಂಗಾಣದ ನಾರಾಯಣಖೇಡದ ಆಸುಪಾಸಿನ ಹಳ್ಳಿಗಳಲ್ಲಿ ಸರ್ಕಾರದ ಉದ್ಯೋಗ ಖಾತರಿ ಕೆಲಸ ನಡೆಯುವ ಜಾಗಕ್ಕೆ ಹೋದರೆ ಹೆಣ್ಣಾಳುಗಳಲ್ಲಿ ಹೆಚ್ಚಿನವರದು ಒಂದೇ ವೇಷ. ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ. ಕುತ್ತಿಗೆಯವರೆಗೆ ಗುಂಡಿ ಹಾಕಿ, ಕಾಲರ್ ಮೇಲಕ್ಕೆತ್ತಿ, ತೋಳನ್ನು ಮಣಿಕಟ್ಟಿನ ತನಕ ಎಳೆದುಕೊಂಡಿರುತ್ತಾರೆ. ತಲೆಗೆ ಸುತ್ತಿದ ಟವೆಲ್ಲಿನ ಒಂದು ತುದಿ ಕಿವಿ ಮುಚ್ಚಿಕೊಂಡು ಕತ್ತಿನ ಹಿಂದೆ ಇಳಿದಿರುತ್ತದೆ. ನೋಡುವವರಿಗೆ ಇದು ಅಂದಗೇಡಿ ಅನ್ನಿಸಬಹುದು. ಬಿಸಿಲಿನಿಂದ ಚರ್ಮ ಕಾಯುವ ಲೆಕ್ಕದಲ್ಲಿ ಮಾತ್ರ ಈ ವೇಷದಲ್ಲಿ ತಿದ್ದುವಂಥದ್ದು ಬಹಳ ಇಲ್ಲ.

ಅದೇ ಊರಿನ ಹುಡುಗರು ಅದೇ ಹೊತ್ತಿನಲ್ಲಿ ತೋಳಿಲ್ಲದ ಬನಿಯನ್ನು ತೊಟ್ಟು ಬರಿದಲೆಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಸಂಜೆ ಮುಖ ಉರಿದಾಗ ಮೆಡಿಕಲ್ ಅಂಗಡಿಗೆ ಹೋಗಿ ಕ್ರೀಮು ಕೇಳುತ್ತಾರೆ.

ನಾರಾಯಣಖೇಡ, ಜಹೀರಾಬಾದ್ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಬದಲಾಯಿತು, ಮನೆಮಾತು ಹಲವು ಕಡೆ ಕನ್ನಡವೇ ಉಳಿಯಿತು. ಬಿಸಿಲಂತೂ ಗಡಿಯ ಎರಡೂ ಕಡೆ ಒಂದೇ. ಈ ಭಾಗ 17ರಿಂದ 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ಸೂರ್ಯ ಇಲ್ಲಿ ನಡುನೆತ್ತಿಗೆ ಬರುತ್ತಾನೆ. ಮೊದಲು ತಾಂಡೂರಿಗೆ, ಆಮೇಲೆ ಜಹೀರಾಬಾದಿಗೆ, ಕೊನೆಗೆ ನಾರಾಯಣಖೇಡಕ್ಕೆ. ಆ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಇಲ್ಲಿನ ನಿಜವಾದ ನಡು ಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂಕಾಲಕ್ಕೆ. ದೇಶಕ್ಕೆಲ್ಲ ಒಂದೇ ಆದ ಸಮಯವನ್ನು ಇನ್ನೂ ಪೂರ್ವದ ರೇಖಾಂಶಕ್ಕೆ ಕಟ್ಟಿರುವುದರಿಂದ ಈ ವ್ಯತ್ಯಾಸ.

ಇದನ್ನು ಹೇಳಲು ಕಾರಣವಿದೆ. ಸೆಕೆ ಹೆಚ್ಚುವುದು ಮಧ್ಯಾಹ್ನ ಮೂರರ ಸುಮಾರಿಗೆ. ನೆಲ ಕಾದು, ಗಾಳಿ ಕಾದು, ಆಮೇಲೆ ಮೈಗೆ ಝಳ ಬಡಿಯುತ್ತದೆ. ಚರ್ಮ ಸುಡುವ ಅತಿನೇರಳೆ ಕಿರಣಕ್ಕೆ ಅಷ್ಟು ಕಾಯುವ ಹಂಗಿಲ್ಲ. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂಬುದೇ ಅದಕ್ಕೆ ಮುಖ್ಯ. ಬೆಳಗ್ಗೆ ಹತ್ತೂವರೆಗೆ ಗಾಳಿ ಹಿತವಾಗಿದೆಯೆಂದು ಅಂಗಿ ಬಿಚ್ಚಿಟ್ಟು ದುಡಿದವನಿಗೆ, ಸಂಜೆ ಐದರ ಧಗೆಯಲ್ಲಿ ನಡೆದವನಿಗಿಂತ ಹೆಚ್ಚು ಏಟು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅತಿನೇರಳೆ ಸೂಚ್ಯಂಕ 3 ಮುಟ್ಟಿದರೆ ಎಚ್ಚರಿಕೆ ಬೇಕು, 11 ಮುಟ್ಟಿದರೆ ವಿಪರೀತ. ಮೇ ತಿಂಗಳ ತಿಳಿ ಆಕಾಶದ ಮಧ್ಯಾಹ್ನ ದಖ್ಖನಿನಲ್ಲಿ ಅದು 11 ದಾಟುವುದು ಮಾಮೂಲು.

ಸೂಚ್ಯಂಕ ನೋಡಲು ಮೊಬೈಲ್ ಬೇಕೆಂದೇನಿಲ್ಲ, ಕಾಲಬುಡ ನೋಡಿಕೊಂಡರೂ ಸಾಕು. ನೆರಳು ಆಳಿಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ಮೇ ತಿಂಗಳಲ್ಲಿ ಇಲ್ಲಿ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯ ತನಕ ನೆರಳು ಗಿಡ್ಡವೇ. ಬೇಸಿಗೆ ಕಳೆದ ಮೇಲೂ ಪೂರ್ತಿ ನಿಶ್ಚಿಂತೆ ಇಲ್ಲ. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಂಗಸರು ಸಂಕ್ರಾಂತಿ ಹೊತ್ತಿಗೆ ಹಳೆ ಬೆಳೆಗಳ ಜಾತ್ರೆ ಹೂಡಿ, ಬೀಜ ತುಂಬಿದ ಎತ್ತಿನ ಬಂಡಿಗಳೊಂದಿಗೆ ಊರೂರು ತಿರುಗುತ್ತಾರೆ. ಚಳಿಗಾಲ, ಗಾಳಿ ತಂಪು. ಆದರೂ ನಡು ಮಧ್ಯಾಹ್ನ ನೆರಳು ಅಳೆದರೆ ಮನುಷ್ಯನಿಗಿಂತ ಗಿಡ್ಡವೇ ಇರುತ್ತದೆ.

ಇಷ್ಟಾಗಿಯೂ ಹಳೆಯ ಸಮಾಧಾನವೊಂದಿದೆ: ನಾವು ಕಪ್ಪು ಮೈಯವರು, ಬಿಸಿಲು ನಮಗೇನು ಮಾಡೀತು? ಅರ್ಧ ನಿಜ. ಚರ್ಮದ ಮೆಲನಿನ್ ಕಿರಣವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಅದೇ ಮೆಲನಿನ್ ಕೆಣಕಿದರೆ ಕಲೆಯಾಗಿ ಕೂರುತ್ತದೆ. ಕೆನ್ನೆ, ಹಣೆ, ಮೂಗಿನ ಮೇಲೆ ಹಬ್ಬುವ ಬಂಗಿಗೆ ಬಸಿರು, ಹಾರ್ಮೋನು, ಮನೆತನದ ಗುಣ ಕಾರಣವಾದರೂ ಬಿಸಿಲು ಅದನ್ನು ಬಲಿಸುತ್ತದೆ. ಅತಿನೇರಳೆಯಲ್ಲಿ ‘ಬಿ’ ಕಿರಣ ಮೇಲಿನ ಪದರವನ್ನು ಸುಟ್ಟರೆ, ‘ಎ’ ಕಿರಣ ಒಳಗಿಳಿದು ಚರ್ಮವನ್ನು ಬಿಗಿಯಾಗಿಡುವ ನಾರುಗಳನ್ನು ಸಡಿಲಿಸುತ್ತದೆ. ಕಿಟಕಿಯ ಗಾಜು ‘ಬಿ’ಯನ್ನು ತಡೆಯುತ್ತದೆ, ‘ಎ’ಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. 28 ವರ್ಷ ಸರಕು ವಾಹನ ಓಡಿಸಿದ ಅಮೆರಿಕದ ಚಾಲಕನೊಬ್ಬನ ಭಾವಚಿತ್ರ 2012ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾಗಿ ಜಗತ್ತೆಲ್ಲ ಸುತ್ತಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಸುಕ್ಕುಗಟ್ಟಿ ಜೋತುಬಿದ್ದಿತ್ತು, ಬಲಗೆನ್ನೆ ಹತ್ತಾರು ವರ್ಷ ಚಿಕ್ಕದಾಗಿ ಕಾಣುತ್ತಿತ್ತು. ಜಹೀರಾಬಾದ್ ಮೂಲಕ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹಗಲಿಡೀ ಓಡುವ ಲಾರಿಗಳ ಚಾಲಕರಿಗೆ ಕಿಟಕಿ ಬಲಗಡೆ.

ತಾಂಡೂರಿನ ಕಥೆ ಬೇರೆ. ಅಲ್ಲಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದಕ್ಕೂ ಎಷ್ಟೋ ಮುಂಚೆ ಊರಿನ ಹೆಸರನ್ನು ದೂರ ಒಯ್ದದ್ದು ಹಾಸುಗಲ್ಲು. ಕಲ್ಲಿನ ಗಣಿಯಲ್ಲಿ ಮರವಿಲ್ಲ, ನೆರಳಿಲ್ಲ. ಮೇಲಿನಿಂದ ಬಿದ್ದ ಕಿರಣದ ಒಂದು ಪಾಲು ತೆಳುಬಣ್ಣದ ಕಲ್ಲಿಗೆ ಬಡಿದು ಕೆಳಗಿನಿಂದ ಮತ್ತೆ ಮುಖಕ್ಕೆ ಬರುತ್ತದೆ. ಟೋಪಿಯ ಅಂಚು ಇದನ್ನು ತಡೆಯಲಾರದು. ಗದ್ದ, ಮೂಗಿನ ಕೆಳಗು, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು ಇದರ ಪಾಲಿಗೆ ಬೀಳುತ್ತವೆ. ಬಹುಕಾಲ ಬಿಸಿಲು, ಧೂಳಿನಲ್ಲಿ ದುಡಿದವರ ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ಮಾಂಸದ ಪೊರೆ ಹಬ್ಬುವುದುಂಟು, ಮುತ್ತುಪೊರೆಯೂ ಬೇಗ ಬರಬಹುದು. ಬದಿಗಳನ್ನೂ ಮುಚ್ಚುವ, ಅತಿನೇರಳೆ ತಡೆಯುತ್ತದೆಂದು ಬರೆದಿರುವ ಕನ್ನಡಕವೇ ಇಲ್ಲಿ ಬೇಕಾದದ್ದು. ಜಾತ್ರೆಯಲ್ಲಿ ಸಿಗುವ ಬರೀ ಕಪ್ಪು ಗಾಜು ಹಲವು ಸಲ ಕೆಡುಕೇ: ಕತ್ತಲೆಯೆಂದು ಪಾಪೆ ಅಗಲವಾಗುತ್ತದೆ, ಗಾಜು ಕಿರಣವನ್ನು ತಡೆಯದಿದ್ದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ.

ಮತ್ತೆ ಆ ಹಳೆಯ ಅಂಗಿಯ ವಿಚಾರ. ಬಟ್ಟೆ ಕಿರಣವನ್ನು ಎಷ್ಟು ತಡೆಯುತ್ತದೆಂಬುದು ನೇಯ್ಗೆಯ ದಟ್ಟಣೆ, ಬಣ್ಣ, ಒದ್ದೆಯೋ ಒಣಗಿದ್ದೋ ಎಂಬುದರ ಮೇಲೆ ನಿಂತಿದೆ. ತೆಳ್ಳನೆಯ ಬಿಳಿ ಹತ್ತಿ ಟೀ ಶರ್ಟಿನ ಮೂಲಕ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು ಕಿರಣ ಒಳಬರುತ್ತದೆ. ಬೆವರಿಗೆ ಒದ್ದೆಯಾದರೆ ಇನ್ನೂ ಹೆಚ್ಚು. ದಟ್ಟ ನೇಯ್ಗೆಯ ಗಾಢ ಬಣ್ಣದ ಬಟ್ಟೆ ಬಹುತೇಕ ಎಲ್ಲವನ್ನೂ ತಡೆಯುತ್ತದೆ. ಬಿಳಿ ತಂಪು ನಿಜ, ಕಾವಲಿಗೆ ಮಾತ್ರ ನೀಲಿ, ಕಂದು ಮೇಲು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆಯದು ಕಂಡರೆ ಬಿಸಿಲಿಗೂ ದಾರಿಯಿದೆ. ಸಡಿಲವಾದ ಅಂಗಿಯ ಒಳಗೆ ಗಾಳಿ ಆಡುವುದರಿಂದ ಬೆವರು ಆರಿ ಮೈ ತಣಿಯುತ್ತದೆ. ಗಂಡಸಿನ ಅಂಗಿ ಹೆಂಗಸಿಗೆ ದೊಗಳೆಯಾಗಿರುವುದು ಈ ಲೆಕ್ಕದಲ್ಲಿ ಅನುಕೂಲವೇ.

ಸನ್‌ಸ್ಕ್ರೀನಿನ ಲೆಕ್ಕ ಬೇರೆ. ಡಬ್ಬಿಯ ಮೇಲಿನ ಎಸ್‌ಪಿಎಫ್ 30 ಎಂದರೆ ‘ಬಿ’ ಕಿರಣದಲ್ಲಿ ನೂರಕ್ಕೆ ಸುಮಾರು 97 ಪಾಲು ತಡೆ, 50 ಎಂದರೆ 98. ಸಂಖ್ಯೆ ಏರಿದಷ್ಟು ಕಾವಲು ಏರುವುದಿಲ್ಲ. ‘ಎ’ ಕಿರಣದ ತಡೆಗೆ ಪಿಎ ಎಂಬ ಗುರುತಿನ ಮುಂದಿನ ಕೂಡು ಚಿಹ್ನೆಗಳನ್ನು ನೋಡಬೇಕು. ಈ ಕಾವಲು ಸಿಗುವುದು ಪ್ರಯೋಗಶಾಲೆಯ ಅಳತೆಯಷ್ಟು, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದರೆ ಮಾತ್ರ. ಮುಖಕ್ಕೂ ಕತ್ತಿಗೂ ಎರಡು ಬೆರಳುದ್ದ ಕ್ರೀಮು ಬೇಕು, ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಮೂರು ಸಲವೆಂದರೂ 50 ಗ್ರಾಂ ಟ್ಯೂಬು ಎರಡು ವಾರಕ್ಕೆ ಖಾಲಿ. ಕೂಲಿಯಾಳಿಗೆ ಇದನ್ನು ಉಪದೇಶ ಮಾಡುವವರು ಬೆಲೆಯನ್ನೂ ಕೂಡಿಸಿ ನೋಡಲಿ. ಅಂಗಿ, ಟವೆಲ್ಲು ಮೊದಲು. ಬಟ್ಟೆ ಮುಚ್ಚದ ಮುಖ, ಕೈಬೆನ್ನು, ತುಟಿಗೆ ಕೊಳ್ಳುವಷ್ಟಿದ್ದರೆ ಕ್ರೀಮು. ತೊನ್ನು ಇರುವವರು, ಹುಟ್ಟಿನಿಂದ ಮೈಬಣ್ಣವೇ ಇಲ್ಲದವರು, ಬಂಗಿಗೆ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ಅದನ್ನು ಔಷಧಿಯೆಂದೇ ತಿಳಿಯಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುವುದರಿಂದ ಕಬ್ಬಿಣದ ಆಕ್ಸೈಡ್ ಬೆರೆಸಿದ, ಮೈಬಣ್ಣದ ಕ್ರೀಮು ಹೆಚ್ಚು ಉಪಯೋಗ.

ಕೂದಲಿಗೆ ಜೀವವಿಲ್ಲ, ಹಾಗಾಗಿ ಕೆಟ್ಟದ್ದು ತಾನೇ ಸರಿಯಾಗುವುದೂ ಇಲ್ಲ. ಕಿರಣ ಕೂದಲಿನ ಪ್ರೋಟೀನನ್ನು ಸಡಿಲಿಸುತ್ತದೆ, ಬಣ್ಣವನ್ನು ಕರಗಿಸುತ್ತದೆ. ಕುರಿ ಕಾಯುವ ಹುಡುಗರ ತಲೆ ಬೇಸಿಗೆ ಮುಗಿಯುವ ಹೊತ್ತಿಗೆ ಕೆಂಚಗಾಗುವುದು ಇದರಿಂದಲೂ ಹೌದು. ಕೊಬ್ಬರಿ ಎಣ್ಣೆ ಕೂದಲಿನೊಳಗೆ ಇಳಿದು ತೊಳೆಯುವಾಗ ಪ್ರೋಟೀನು ಸೋರುವುದನ್ನು ಕಡಿಮೆ ಮಾಡುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿತು. ಸೂರ್ಯಕಾಂತಿ ಎಣ್ಣೆಗೆ ಆ ಗುಣ ಕಾಣಲಿಲ್ಲ. ಆದರೆ ಕೊಬ್ಬರಿ ಎಣ್ಣೆಯೂ ಬಿಸಿಲನ್ನು ತಡೆಯುವುದು ಅಷ್ಟಕ್ಕಷ್ಟೇ, ಆ ಕೆಲಸ ಸೆರಗಿನದೇ. ಬೈತಲೆ ತೆಗೆದ ಗೆರೆಯಲ್ಲಿ ಚರ್ಮ ಬಯಲಾಗಿರುತ್ತದೆಂಬುದು ಸೆರಗು ಹೊದೆಯುವವರಿಗೆ ಗೊತ್ತಾಗುವುದಿಲ್ಲ, ಬಿಟ್ಟವರಿಗೆ ಉರಿದಾಗ ಗೊತ್ತಾಗುತ್ತದೆ.

ಬಿಸಿಲು ಬೀಳುವ ಜಾಗದಲ್ಲೇ ಎದ್ದ ಎಲ್ಲ ತುರಿಕೆಯೂ ಬಿಸಿಲಿನದಲ್ಲ. ಬದುವಿನಲ್ಲಿ ಬೆಳೆಯುವ ಕಾಂಗ್ರೆಸ್ ಕಸದ ಧೂಳು ಮುಖ, ಕತ್ತು, ಮೊಣಕೈ ಸಂದಿಗೆ ಕೂತು ಗಟ್ಟಿ ಕಜ್ಜಿಯಾಗುತ್ತದೆ. ಮುಖ ಬೆಳ್ಳಗಾಗಲೆಂದು ನಿಂಬೆರಸ ಹಚ್ಚಿ ಹೊಲಕ್ಕೆ ಹೋದರೆ ರಸ ಹರಿದಲ್ಲೆಲ್ಲ ಕಪ್ಪು ಗೆರೆ ಮೂಡಬಹುದು. ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳಿಂದ ಬಿಸಿಲಿಗೆ ಚರ್ಮ ಹೆಚ್ಚು ಸುಡುತ್ತದೆ. ತೊನ್ನಿನ ಚಿಕಿತ್ಸೆಗೆ ಬಾವಂಚಿ ಬೀಜ ಬಳಸುವುದರ ಹಿಂದೆಯೂ ಇದೇ ಜಾತಿಯ ರಾಸಾಯನಿಕವಿದೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಈ ಜೋಳದ ಸೀಮೆಗೇ ಸೇರಿದ ಕಥೆ. ಒಂದು ಕಾಲದಲ್ಲಿ ಹೈದರಾಬಾದಿನ ಆಸ್ಪತ್ರೆಗಳಿಗೆ ಸುತ್ತಲಿನ ಬಡ ಕೂಲಿಯವರು ಕೈಬೆನ್ನು, ಪಾದ, ಕತ್ತಿನ ಸುತ್ತ ಸುಟ್ಟಂಥ ಕಪ್ಪು ಪಟ್ಟಿ ಹೊತ್ತು ಬರುತ್ತಿದ್ದರು. ಕತ್ತಿನ ಈ ಹಾರದಂಥ ಗುರುತನ್ನು ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 18ನೆಯ ಶತಮಾನದಲ್ಲೇ ಬರೆದಿಟ್ಟಿದ್ದ. ರೋಗದ ಹೆಸರು ಪೆಲ್ಲಾಗ್ರ, ಮೂಲ ನಯಾಸಿನ್ ಎಂಬ ಬಿ3 ಜೀವಸತ್ವದ ಕೊರತೆ. ಮೆಕ್ಕೆಜೋಳ ತಿನ್ನುವ ನಾಡುಗಳ ರೋಗವೆಂದಿದ್ದದ್ದು ಬಿಳಿಜೋಳದ ನಾಡಿನಲ್ಲೇಕೆ? ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದಾದ ಹೈದರಾಬಾದಿನ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದತ್ತ ಬೊಟ್ಟುಮಾಡಿದರು. ಬರೀ ರೊಟ್ಟಿ, ಖಾರ ತಿಂದು ಬದುಕಿದವರಿಗೆ ಬಂದ ರೋಗವಿದು. ಬೇಳೆ, ಹಾಲು, ಶೇಂಗಾ ಜೊತೆಗಿದ್ದವರಿಗಲ್ಲ. ಈಗ ಅಪರೂಪವಾದರೂ ವಿಪರೀತ ಕುಡಿಯುವವರಲ್ಲಿ ಇಂದಿಗೂ ಕಾಣುತ್ತದೆ. ಅಂಥ ಚರ್ಮಕ್ಕೆ ಯಾವ ಕ್ರೀಮು ಹಚ್ಚಿಯೂ ಪ್ರಯೋಜನವಿಲ್ಲ, ವಾಸಿ ಮಾಡುವುದು ಮಾತ್ರೆ ಮತ್ತು ಊಟ.

ಸುಟ್ಟ ಮೈಗೆ ತಣ್ಣೀರಿನ ಬಟ್ಟೆ, ಹೊಟ್ಟೆಗೆ ನೀರು ಮಜ್ಜಿಗೆ ಸಾಕು. ಟೂತ್‌ಪೇಸ್ಟ್ ಬೇಡ, ಬರ್ಫನ್ನು ನೇರವಾಗಿ ಒತ್ತುವುದೂ ಬೇಡ. ಬೊಬ್ಬೆ ಎದ್ದರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಬೇಕು. ಅಂಗಡಿಯವನು ಕೊಡುವ ‘ಕಲೆ ಹೋಗುವ’ ಟ್ಯೂಬನ್ನು ಹಚ್ಚುವ ಮುಂಚೆ ಅದರ ಹಿಂದೆ ಬರೆದದ್ದನ್ನು ಓದಿಸಿಕೊಳ್ಳಿ. ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್ ಎಂದಿದ್ದರೆ ಅದರಲ್ಲಿ ಸ್ಟೆರಾಯ್ಡ್ ಇದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ. ಮೊದಲ ವಾರ ಮುಖ ತಿಳಿಯಾಗುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ನೆತ್ತರುನಾಳ ಕಾಣಿಸಿಕೊಂಡು, ಹತ್ತು ನಿಮಿಷದ ಬಿಸಿಲಿಗೂ ಮುಖ ಉರಿಯುತ್ತದೆ. ಬಹಳ ದಿನ ಹಚ್ಚಿ ಒಮ್ಮೆಲೇ ಬಿಟ್ಟರೆ ಉರಿ ಇನ್ನೂ ಕೆರಳಬಹುದು. ಟ್ಯೂಬನ್ನು ಎಸೆಯದೆ ಜೊತೆಗೇ ಒಯ್ದು ಚರ್ಮವೈದ್ಯರಿಗೆ ತೋರಿಸಿದರೆ ಅದನ್ನು ಹಂತಹಂತವಾಗಿ ಬಿಡಿಸುವ ದಾರಿ ಅವರು ಹೇಳುತ್ತಾರೆ.