ಹಳೆಯ ಕಾರಿನ ವೈಪರ್ ಮತ್ತು ಅದರ ದುರಸ್ತಿ

ಸಂಶಿ, ಕುಂದಗೋಳ ಸೀಮೆಯ ಎರೆಭೂಮಿಯಲ್ಲಿ ಬೇಸಿಗೆಯ ಬಿಸಿಲು ಮತ್ತು ನುಣ್ಣನೆಯ ಧೂಳು ಕಾರಿನ ವೈಪರಿಗೆ ಮಳೆಗಿಂತ ಹೆಚ್ಚು ಹಾನಿ ಮಾಡುತ್ತವೆ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಉಳಿದ ವೈಪರ್ ಮುಂಗಾರಿನ ಮೊದಲ ಮಳೆಗೆ ಗಾಜಿನ ನಡುವೆಯೇ ನಿಂತುಬಿಡುವುದು ಹಳೆಯ ಕಾರುಗಳಲ್ಲಿ ಅಪರೂಪವೇನಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು, ಫಿಯಟ್ 1100 ಮೂಲದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಆದ್ದರಿಂದ ಇಂಥ ಕಾರುಗಳಲ್ಲಿ ಇದ್ದ ಭಾಗವನ್ನೇ ಬಿಚ್ಚಿ ಸರಿಪಡಿಸಬೇಕಾಗುತ್ತದೆ. ವೈಪರ್ ನಿಂತಾಗ ಎಲ್ಲರೂ ಮೊದಲು ದೂರುವುದು ಮೋಟರನ್ನು, ಆದರೆ ದೋಷ ಅನೇಕ ಸಲ ಮೋಟರಿನಾಚೆಗಿನ ಬಿಗಿತದಲ್ಲಿರುತ್ತದೆ.

ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದ ವೈಪರ್ ಸಾಧನವನ್ನು ಚಾಲಕನು ಒಳಗಿನಿಂದ ಕೈಯಲ್ಲೇ ಎಳೆದಾಡಿಸಬೇಕಿತ್ತು. ಆ ಕೆಲಸ ಮುಂದೆ ವಿದ್ಯುತ್ ಮೋಟರಿಗೆ ಬಂದಾಗ, ಒಂದೇ ದಿಕ್ಕಿಗೆ ತಿರುಗುವ ಮೋಟರಿನಿಂದ ಅತ್ತಿತ್ತ ಆಡುವ ಚಲನೆಯನ್ನು ಪಡೆಯುವುದು ಹೇಗೆಂಬ ಪ್ರಶ್ನೆ ಎದುರಾಯಿತು. ಲೂಕಸ್ ಕಂಪನಿಯು ಬ್ರಿಟಿಷ್ ಕಾರುಗಳಿಗೆ ರೂಪಿಸಿದ ಏರ್ಪಾಡಿನಲ್ಲಿ ಮೋಟರಿನ ಗೇರು, ಸುತ್ತಲೂ ತಂತಿಯನ್ನು ಸುರುಳಿಯಾಗಿ ಬಿಗಿದ ಒಂದು ಕೇಬಲನ್ನು ಕೊಳವೆಯೊಳಗೆ ಹಿಂದೆ ಮುಂದೆ ಎಳೆಯುತ್ತದೆ, ಆ ಸುರುಳಿಯು ಗಾಜಿನ ಕೆಳಗಿರುವ ‘ವ್ಹೀಲ್ ಬಾಕ್ಸ್’ ಎಂಬ ಪುಟ್ಟ ಪೆಟ್ಟಿಗೆಯ ಹಲ್ಲುಚಕ್ರವನ್ನು ಹೊರಳಿಸುತ್ತದೆ, ಆ ಚಕ್ರದ ದಂಡಕ್ಕೆ ವೈಪರಿನ ತೋಳು ಕೂತಿರುತ್ತದೆ. ವರ್ಷಗಳ ಹಿಂದೆ ಹಾಕಿದ ಗ್ರೀಸು ಈ ಕೊಳವೆಯಲ್ಲಿ ಒಣಗಿ ಮೇಣದಂತೆ ಗಟ್ಟಿಯಾದರೆ ಎಷ್ಟೇ ಒಳ್ಳೆಯ ಮೋಟರೂ ಬಿಸಿಯಾಗಿ ಸೋಲುತ್ತದೆ.

ಹಾಗಾಗಿ ಪರೀಕ್ಷೆ ಮೋಟರಿನಿಂದ ಕೇಬಲನ್ನು ಬೇರ್ಪಡಿಸುವುದರಿಂದಲೇ ಶುರುವಾಗಬೇಕು. ಬಿಡಿಯಾದ ಮೋಟರ್ ಸರಾಗವಾಗಿ ತಿರುಗಿದರೆ ತೊಡಕು ಕೇಬಲಿನಲ್ಲೋ ವ್ಹೀಲ್ ಬಾಕ್ಸಿನಲ್ಲೋ ಇದೆಯೆಂದು ತಿಳಿಯಬಹುದು. ತೋಳುಗಳನ್ನು ಕಳಚಿ, ಕೇಬಲಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ ಅದು 6 ಪೌಂಡ್, ಎಂದರೆ ಸುಮಾರು 2.7 ಕಿಲೋಗಿಂತ ಹೆಚ್ಚು ಬಲ ಬೇಡಬಾರದೆಂಬುದು ಲೂಕಸ್ ಮೋಟರಿದ್ದ ಕಾರುಗಳ ಕೈಪಿಡಿಗಳ ಅಳತೆ. ಹೆಚ್ಚು ಬೇಡಿದರೆ ಕೇಬಲನ್ನು ಪೂರ್ತಿ ಹೊರಗೆಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸು ಸವರಿ ಸೇರಿಸಬೇಕು, ಕೊಳವೆ ಎಲ್ಲಾದರೂ ನೆಗ್ಗಿದೆಯೇ ಎಂದೂ ನೋಡಬೇಕು.

ವ್ಹೀಲ್ ಬಾಕ್ಸಿನ ಚಕ್ರದಲ್ಲಿ ಸುತ್ತಲೂ ಹಲ್ಲುಗಳಿದ್ದರೂ ತೋಳು ಅರ್ಧ ಸುತ್ತಿಗಿಂತ ಕಡಿಮೆ ಆಡುವುದರಿಂದ ಒಂದು ಮಗ್ಗುಲಿನ ಹಲ್ಲುಗಳು ಮಾತ್ರ ಸವೆಯುತ್ತವೆ, ತೋಳು ಸಡಿಲಾಗಿ ಗಾಜಿನ ಅಂಚಿಗೆ ಬಡಿಯತೊಡಗುತ್ತದೆ. ಆಗ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಇದುವರೆಗೆ ಕೆಲಸವೇ ಮಾಡದ ಹಲ್ಲುಗಳು ಕೇಬಲಿಗೆ ಸಿಗುತ್ತವೆ. ಕಾಸು ಖರ್ಚಿಲ್ಲದ ಈ ಉಪಾಯವನ್ನು ಅರಿಯದೆ ಇಡೀ ಪೆಟ್ಟಿಗೆಯನ್ನು ಗುಜರಿಗೆ ಹಾಕಿದವರು ಕಡಿಮೆಯೇನಿರಲಾರರು.

ಬಿಡಿಯಾಗಿಯೂ ಮೋಟರ್ ನಿಧಾನವಾದರೆ ಸವೆದ ಕಾರ್ಬನ್ ಬ್ರಷ್ಷುಗಳನ್ನು, ಎಂದರೆ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಇದ್ದಿಲಿನ ತುಂಡುಗಳನ್ನು, ಬದಲಿಸಬೇಕು. ತುಕ್ಕು ಹಿಡಿದ ಅರ್ತಿಂಗ್ ಜಾಗವನ್ನು ಉಜ್ಜಿ ಶುಚಿಗೊಳಿಸಬೇಕು. ಇಡೀ ಮೋಟರನ್ನೇ ಬದಲಿಸುವ ಯೋಚನೆಯೂ ಬರಬಹುದು: ಐವತ್ತು ವರ್ಷ ಮೀರಿದ ವಾಹನಗಳಿಗೆ ‘ವಿಎ’ ಸರಣಿಯ ನೋಂದಣಿ ಸಂಖ್ಯೆ ಕೊಡುವ 2021ರ ಕೇಂದ್ರ ನಿಯಮವು ಮೂಲರೂಪ ಉಳಿದಿರಬೇಕೆಂದು ಹೇಳುವಾಗ ಚಾಸಿ, ಬಾಡಿ, ಎಂಜಿನ್ನುಗಳ ಮಾರ್ಪಾಡನ್ನು ಹೆಸರಿಸುತ್ತದೆ, ವೈಪರ್ ಮೋಟರನ್ನಲ್ಲ. ಆದರೂ ಬಿಚ್ಚಲು ಬರುವ ಹಳೆಯ ಮೋಟರನ್ನು ತೆಗೆದು ಬಿಚ್ಚಲಾಗದ ಹೊಸದನ್ನು ಕೂರಿಸುವುದು ಜಾಣತನವೆನಿಸದು.

ರಬ್ಬರಿನ ವಿಷಯ ಸರಳ: ಬಿಸಿಲಿಗೆ ಗಡುಸಾದದ್ದನ್ನು ಬದಲಿಸಬೇಕು, ಒಣ ಧೂಳಿನ ಗಾಜಿನ ಮೇಲೆ ನೀರು ಹಾಕದೆ ವೈಪರ್ ಓಡಿಸಬಾರದು. ಹೊಸ ಬ್ಲೇಡೂ ಒಂದು ಕಡೆಗೆ ಹೋಗುವಾಗ ಮಾತ್ರ ಕಟಕಟ ಕುಪ್ಪಳಿಸಿದರೆ ತೋಳು ಓರೆಯಾಗಿದೆಯೆಂದು ಅರ್ಥ. ಅದರ ತುದಿಯನ್ನು ಇಕ್ಕಳದಲ್ಲಿ ತುಸು ತಿರುಚಿ, ಬ್ಲೇಡು ಗಾಜಿಗೆ ನೆಟ್ಟಗೆ ನಿಲ್ಲುವಂತೆ ಮಾಡಿದರೆ ರಬ್ಬರು ಎರಡೂ ಕಡೆಗೆ ಸಮನಾಗಿ ಮಗುಚಿಕೊಳ್ಳುತ್ತದೆ.